ಹಾಲ್‌ಗೆ ಸರಿಹೋದ ಸೋಫಾ

ಗೆಳೆಯರೇ, ಇವತ್ತು ಹೊಸದುರ್ಗದ ನಮ್ಮ ಮನೆಗೆ ಎಲ್ ಆಕಾರದ ಸೋಫಾ ಬಂತು. ಗೋಡೆ, ಕಿಟಕಿ, ಟಿವಿ ಸ್ಟ್ಯಾಂಡ್ ಎಲ್ಲವನ್ನೂ ನಾನೇ ಟೇಪ್ ಹಿಡಿದು ಅಳೆದಿದ್ದೆ. ಮೂಲೆಗೆ ತಳ್ಳಿದಾಗ ಹೇಳಿ ಮಾಡಿಸಿದಂತೆ ಕೂತಿತು. ಫೋಟೋ ಹಾಕಿದೆ, ನೀವೆಲ್ಲ ಮೆಚ್ಚಿದಿರಿ.

ಮಧ್ಯಾಹ್ನ ಅತ್ತೆ ಬಚ್ಚಲಿಗೆ ಹೋಗಲು ಕೋಣೆಯಿಂದ ಹೊರಬಂದರು. ಮಂಡಿನೋವಿನಿಂದಾಗಿ ಅವರು ವಾಕರ್ ಹಿಡಿದೇ ನಡೆಯುವುದು. ಬಾಗಿಲು ದಾಟಿದ ಕೂಡಲೇ ಅದು ಸೋಫಾಗೆ ತಗುಲಿ ನಿಂತಿತು. ಹಿಂದಕ್ಕೆಳೆದರು, ಓರೆ ಮಾಡಿದರು, ಆಗಲಿಲ್ಲ.

"ಇರ್ಲಿ ಬಿಡಮ್ಮ, ಸೋಫಾ ಚೆನ್ನಾಗೈತೆ. ನಾನು ಗೋಡೆ ಹಿಡ್ಕಂಡು ಹೋಗ್ತೀನಿ" ಎಂದರು. ವಾಕರ್ ಅಲ್ಲೇ ಬಿಟ್ಟು ನಿಜವಾಗಿಯೂ ಗೋಡೆಗೆ ಕೈಯೂರಿದರು.

ಓಡಿಹೋಗಿ ತೋಳು ಹಿಡಿದೆ. ನಾಚಿಕೆಯಾಯಿತು. ಟಿವಿಗೆ ಎಷ್ಟು ಜಾಗ ಬೇಕೆಂದು ಅಳೆದವಳಿಗೆ, ದಿನವೂ ಅದೇ ದಾರಿಯಲ್ಲಿ ನಡೆಯುವ ಅತ್ತೆ ನೆನಪಾಗಿರಲಿಲ್ಲ.

ಗಂಡನೂ ನಾನೂ ಸೇರಿ ಸೋಫಾದ ಒಂದು ಭಾಗವನ್ನು ಬಿಚ್ಚಿ ಜಗುಲಿಗೆ ಹಾಕಿದೆವು. ಸಂಜೆ ಸೋಫಾ ನೋಡಲು ಬಂದ ಪಕ್ಕದ ಮನೆಯಾಕೆ ಅಲ್ಲೇ ಕುಳಿತು, "ಹೊರಗಡೇದೇ ಹಿಂಗೈತೆ, ಒಳಗಡೇದು ಇನ್ನೆಂಗೈತೋ! ಜಗುಲೀಲಿ ಕೂರೋರ್ಗೂ ಒಂದು ತರ್ಸವ್ಳೆ, ನಿಮ್ಮ ಸೊಸೆ ಎಲ್ಲಾ ಯೋಚ್ನೆ ಮಾಡ್ತಾಳೆ ನೋಡ್ರಿ" ಎಂದು ಅತ್ತೆಗೆ ಹೇಳಿದರು.

ಅತ್ತೆ "ಹೂಂ" ಎಂದರು. ನಾನು ಟೀ ನೆಪದಲ್ಲಿ ಅಡುಗೆಮನೆ ಸೇರಿದೆ.