ಮಸ್ಟಂಗ್‌ಗೆ ಆಯುಧಪೂಜೆ

ಗೆಳೆಯರೇ, ಇವತ್ತು ಯಾರಿಗೂ ಮುಖ ತೋರಿಸುವ ಹಾಗಿಲ್ಲ. ನಾರ್ತ್‌ವಿಲ್‌ನ ನಮ್ಮ ಗರಾಜಿನಲ್ಲಿ ಹಳೇ ಮಸ್ಟಂಗ್ ಕಾರಿಗೆ ಆಯುಧಪೂಜೆ ಮಾಡಿದೆವು. ಚಕ್ರದಡಿ ನಿಂಬೆಹಣ್ಣಿಟ್ಟು ಕೀಲಿ ತಿರುಗಿಸಿದೆ. ನಾಲ್ಕು ತಿಂಗಳು ಬಿಚ್ಚಿ ಜೋಡಿಸಿದ ಎಂಜಿನ್ ಮೊದಲ ಸಲಕ್ಕೇ ಗುಡುಗಿತು. ನಾನು ಉಬ್ಬಿಹೋದೆ.

"ಒಂದ್ ಬೋಲ್ಟನ್ನೂ ಬೇರೆಯವ್ರು ಮುಟ್ಟಿಲ್ಲ, ಎಲ್ಲಾ ನಾನೇ ಮಾಡಿದ್ದು!"

ಪಕ್ಕದಲ್ಲೇ ನೆರೆಮನೆಯ ವಾಲ್ಟರ್ ಕುಂಕುಮ ಇಟ್ಟುಕೊಂಡು ನಿಂತಿದ್ದರು. ಕಾರ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಅವರಿಗೆ ಕನ್ನಡ ಬರುವುದಿಲ್ಲವಲ್ಲ ಎಂಬ ಧೈರ್ಯ ನನಗೆ. ಆದರೆ ಪೂಜೆಗೆ ಬಂದಿದ್ದ ರಾಜಣ್ಣ ಅಂಕಲ್ ಸುಮ್ಮನಿರದೆ ಅವರಿಗೆ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟರು: "ಇಡೀ ಎಂಜಿನ್ ಇವನೊಬ್ಬನೇ ಮಾಡಿದನಂತೆ!"

ವಾಲ್ಟರ್ ನನ್ನನ್ನೊಮ್ಮೆ ನೋಡಿದರು. "ಹೌದು, ನಾನು ಬರೀ ಟಾರ್ಚ್ ಹಿಡಿದಿದ್ದೆ" ಎಂದರು.

ನಾಲ್ಕು ತಿಂಗಳೂ ಟಾರ್ಚ್ ಹಿಡಿದವನು ನಾನು. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲವೆಂದು ಅವರಿಂದ ದಿನಾ ಬೈಸಿಕೊಂಡಿದ್ದೆ.