ಹೊಲಕ್ಕೆ ಜ್ವರ ನೋಡಿದ ದಿನ

ಒಂದೇ ಹೊಲದೊಳಗೆ ಹವೆ ಜಾಗದಿಂದ ಜಾಗಕ್ಕೆ ಹೇಗೆ ಬದಲಾಗುತ್ತದೆಂದು ತೋರಿಸಲು, ನಮ್ಮ ಬೀದರ್ ಶಾಲೆಯ ಏಳನೇ ತರಗತಿ ಹುಡುಗಿಯರನ್ನು ನಾನೊಮ್ಮೆ ಕಮಠಾಣ ಊರಿನ ಒಂದು ಹೊಲಕ್ಕೆ ಕರೆದೊಯ್ದಿದ್ದೆ. ಹೊಲದ ಯಜಮಾನ ಫೋನಿನಲ್ಲೇ ಒಪ್ಪಿದ್ದ. ತನ್ನ ತಾಯಿಗೆ ಹೇಳಲು ಮಾತ್ರ ಮರೆತಿದ್ದ.

ಹುಡುಗಿಯರು ಬದುವಿನುದ್ದಕ್ಕೂ ಟೇಪು ಎಳೆಯುತ್ತಿದ್ದಂತೆ ತೊಗರಿ ಸಾಲಿನಿಂದ ಆ ತಾಯಿ ಕುಡುಗೋಲು ಹಿಡಿದೇ ಎದ್ದು ಬಂದರು.

“ಯಾರ್ರಿ ನೀವು? ಹೊಲಾ ಯಾಕ ಅಳೀಲಾಕತ್ತೀರಿ? ರೋಡಿಗಿ ನಾ ಒಂದು ಗೇಣೂ ಕೊಡಾಂಗಿಲ್ಲ!”

“ಹಂಗಲ್ರಿ ಆಯಿ, ಇದು ಸೂಕ್ಷ್ಮ ಹವಾಮಾನದ ಅಧ್ಯಯನ ಅದರಿ,” ಎಂದೆ.

“ಆಫೀಸಿನವ್ರೂ ಹಿಂಗೇ ಮಾತಾಡ್ತಾರ,” ಎಂದು ಇನ್ನೆರಡು ಹೆಜ್ಜೆ ಮುಂದೆ ಬಂದರು.

ನಮ್ಮ ಗುಂಪಿನ ಅತಿ ಗಿಡ್ಡ ಹುಡುಗಿ ಥರ್ಮಾಮೀಟರ್ ಎತ್ತಿ ತೋರಿಸಿದಳು. “ಆಯಿ, ನಿಮ್ಮ ಹೊಲಕ್ಕ ಎಲ್ಲೆಲ್ಲಿ ಜ್ವರ ಅದ ಅಂತ ನೋಡ್ಲಾಕತ್ತೀವಿ.”

ಕುಡುಗೋಲು ಕೆಳಗಿಳಿಯಿತು. “ಅದಕ್ಕ ಗಾಜಿನ ಕಡ್ಡಿ ಯಾಕ ಬೇಕವ್ವ? ನನ್ನ ಕಾಲಿಗೇ ಗೊತ್ತದ.”

ಚಪ್ಪಲಿ ಬಿಟ್ಟು ಅವರು ಹೊಲ ಸುತ್ತಿದರು. ಹುಡುಗಿಯರು ಹಿಂದೆ, ನಾನು ಎಲ್ಲರ ಹಿಂದೆ. ಗರಸು ತುಂಬಿದ ಕೆಂಪು ಮೊರಡಿ ನೆಲ ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ, ಬಾವಿಯ ದಂಡೆ ಅದಕ್ಕಿಂತ ವಾಸಿ ಎಂದರು. ಬೇವಿನ ನೆರಳೇ ಅತಿ ತಂಪು ಎಂದು ನಾನು ಮಕ್ಕಳಿಗೆ ಮೊದಲೇ ಬರೆಸಿದ್ದೆ. ಆಯಿ ಅದು ಅಲ್ಲವೆಂದು ತಲೆಯಾಡಿಸಿ, ಬದುವಿನ ಬುಡದಲ್ಲಿ ತಾವು ಮಜ್ಜಿಗೆ ತಂಬಿಗೆ ಇಡುವ ಕಲ್ಲುಗುಂಪೆಯನ್ನು ತೋರಿಸಿದರು. ಥರ್ಮಾಮೀಟರ್ ಇಟ್ಟು ಕಾದೆವು. ಪಾದರಸ ಬೇವಿನಡಿಯಲ್ಲಿ ನಿಂತಿದ್ದ ಗೆರೆಗಿಂತ ಕೆಳಗಿಳಿಯಿತು. ಹುಡುಗಿಯರು ನನ್ನ ಮುಖ ನೋಡದೆ, ಬಹಳ ಮರ್ಯಾದೆಯಿಂದ, ನನ್ನ ಉತ್ತರಕ್ಕೆ ಕಾಟು ಹೊಡೆದರು.

ಹೋದ ಮಾನ ಮರಳಿ ಪಡೆಯಬೇಕಲ್ಲ! “ತಂಪಿದ್ದಲ್ಲಿ ಜೀವಿಗಳ ವಾಸ,” ಎಂದು ಗಂಭೀರವಾಗಿ ಒಂದು ಕಲ್ಲು ಎತ್ತಿದೆ. ಕಪ್ಪು ಚೇಳೊಂದು ಕೊಂಡಿ ಎತ್ತಿಕೊಂಡು ನನ್ನ ಬೂಟಿನತ್ತಲೇ ಹೊರಟಿತು. ಬದುವಿನ ಮೇಲೆ ಯಾವಾಗ ಏರಿದೆನೋ ನನಗೆ ನೆನಪಿಲ್ಲ. ಆಯಿ ಕುಡುಗೋಲಿನ ತುದಿಯಿಂದ ಅದನ್ನು ಮೆಲ್ಲನೆ ಕಲ್ಲಿನಡಿಗೆ ತಳ್ಳಿದರು. “ಅದರ ಮನಿ ಅದಕ್ಕ ಇರ್ಲಿ. ಇಳೀರಿ ಸರ, ಮಜ್ಜಿಗಿ ಕುಡೀರಿ.”

ಮರುದಿನ ವರದಿಗಳು ಬಂದವು. ಗಿಡ್ಡ ಹುಡುಗಿಯ ಹಾಳೆಯಲ್ಲಿ ಎಲ್ಲಿ ಯಾವ ಜೀವಿ ಎಂಬ ಪಟ್ಟಿ ಚೊಕ್ಕವಾಗಿತ್ತು: ಕಲ್ಲಿನಡಿ ಚೇಳು ಒಂದು; ತೊಗರಿ ಸಾಲಿನಲ್ಲಿ ಮಿಡತೆ ಬಹಳ; ಬದುವಿನ ಮೇಲೆ ಸರ್ ಒಬ್ಬರು. ನಾನು ಪೂರ್ತಿ ಅಂಕ ಕೊಟ್ಟೆ.