ಮೋತಿಯ ಕಿವಿ ಒರೆಸಿದ ಮೇಲೆ

ನಾನು ಉಗಾರದ ಕಡೆ ದನದ ಡಾಕ್ಟರಾಗಿದ್ದಾಗ, ಕೃಷ್ಣೆಯಲ್ಲಿ ದೋಣಿ ನಡೆಸುತ್ತಿದ್ದ ಪರಸೂಕಾಕಾನ ಕಿವಿ ಮಂದ. ಆಚೆ ದಂಡೆಯಿಂದ ಜನ ಕೂಗಿದರೆ ಕೇಳಿಸಿಕೊಂಡು ಬೊಗಳಿ ತಿಳಿಸುತ್ತಿದ್ದದ್ದು ಅವನ ನಾಯಿ ಮೋತಿ. ಬೊಗಳಿ ಸುಮ್ಮನಿರುವ ಪ್ರಾಣಿಯೇ ಅದು? ದೋಣಿಯ ಜೊತೆಗೆ ತಾನೂ ಈಜುತ್ತಿತ್ತು. ನೀರು ನಿಂತು ನಿಂತು ಅದರ ಕಿವಿಯಲ್ಲಿ ಕೀವಾಯಿತು.

“ಇದರ ಕಿವಿ ಹೋದರ ನನ್ನ ದೋಣಿ ನಿಂತಂಗರೀ, ಸಾಹೇಬ್ರ,” ಎಂದ ಕಾಕಾ.

ಔಷಧ ಹಾಕಿ ವಾಸಿ ಮಾಡಿದೆ. ಮುಂದಿನ ಆರೈಕೆಯ ಮಾತು ಅವನಿಗೆ ಕೇಳಿಸಬೇಕಲ್ಲ, ಗಂಟಲು ಹರಿಯುವಂತೆ ಕೂಗಿದೆ: “ಈಜಿ ಬಂದ ಕೂಡ್ಲೇ ಒಣ ಅರಿವಿಲೆ ಕಿವಿ ಒರಸು, ಕಾಕಾ! ಒಳಗ ಕಡ್ಡಿ ಹಾಕಬ್ಯಾಡ!” ದಂಡೆಯಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಮುಂದೊಂದು ದಿನ ಆಚೆ ದಂಡೆಯಿಂದ ಮರಳುವಾಗ ನನಗೆ ಬಸ್ಸಿನ ಅವಸರ. ಕಾಕಾ ಮಾತ್ರ ಹುಟ್ಟು ಕೆಳಗಿಟ್ಟು ಮೋತಿಯ ಕಿವಿ ಒರೆಸುತ್ತ ಕೂತಿದ್ದ.

“ಲಗೂ ನಡಿ, ಕಾಕಾ!”

ದೋಣಿಯಲ್ಲಿದ್ದ ಮುದುಕಿ ಗದರಿದಳು: “ತಡೀರಿ. ಕಿವಿ ಒಣಗೂತನಕ ದೋಣಿ ಬಿಡೂದಿಲ್ಲ. ಡಾಕ್ಟರ್ ಹೇಳ್ಯಾರ.”

“ಆ ಡಾಕ್ಟರ್ ನಾನ, ಯವ್ವಾ.”

“ಹಂಗಾರ ಸುಮ್ನ ಯಾಕ ನಿಂತೀರಿ? ಆ ಕಡೀ ಕಿವಿ ನೀವು ಒರಸ್ರಿ!”

ಕರವಸ್ತ್ರ ತೆಗೆದು ಒರೆಸಿದೆ. ಮುಗಿದದ್ದೇ ತಡ, ಮೋತಿ ಮತ್ತೆ ನೀರಿಗೆ ಹಾರಿತು. ಈಚೆ ದಂಡೆ ಮುಟ್ಟಿದಾಗ ಬಸ್ಸು ಹಾರನ್ ಹೊಡೆಯುತ್ತಿತ್ತು. ಮೋತಿ ಒದ್ದೆ ಕಿವಿ ಕೊಡವುತ್ತ ದಂಡೆ ಏರಿತು. ಮುದುಕಿ ನನ್ನ ಕರವಸ್ತ್ರದ ಕಡೆಗೇ ನೋಡುತ್ತಿದ್ದಳು.